ಪಾತಣ್ಣ ಕಟ್ಟಿದ ಹುರಿ

ರಾಂಪುರ ದಾಟಿ ಬಳ್ಳಾರಿ ಕಡೆಗೆ ಮುಖ ಮಾಡಿದರೆ ಎಡಗಡೆ ಒಂದು ತಗಡಿನ ಶೆಡ್ಡು ಸಿಗುತ್ತದೆ. ಬೋರ್ಡು ಗೀರ್ಡು ಏನಿಲ್ಲ. ಬೇಲಿಯ ಕಂಬಕ್ಕೆ ಒಂದು ಹಳೆ ಬ್ರೇಕ್ ಡ್ರಮ್ಮು ನೇತುಹಾಕಿದೆ. ಅದಕ್ಕೆ ಕಲ್ಲಿನಲ್ಲೋ ಸ್ಪ್ಯಾನರಿನಲ್ಲೋ ಒಂದೇಟು ಹಾಕಿದರೆ, ಯಾವುದೋ ಗಾಡಿಯ ಹೊಟ್ಟೆಯ ಕೆಳಗಿನಿಂದ ಪಾತಣ್ಣ ತೆವಳಿಕೊಂಡು ಬರುತ್ತಾನೆ. ಮೊದಲು ಕಾಲು, ಆಮೇಲೆ ಹೊಟ್ಟೆ, ಕೊನೆಗೆ ಗ್ರೀಸು ಮೆತ್ತಿದ ಮೀಸೆ. ಎಂಜಿನ್ ಕೆಲಸವೂ ಅವನಿಗೆ ಬರುತ್ತದೆ, ಕ್ಲಚ್ಚೂ ಬರುತ್ತದೆ. ಆದರೆ ಆ ಸೀಮೆಯವರು ಕರೆಯುವುದು ಬ್ರೇಕ್ ಪಾತಣ್ಣ ಅಂತಲೇ.

ಹುಟ್ಟಿದ್ದು ದೇವಸಮುದ್ರದ ಕಡೆಯ ಒಂದು ಹಟ್ಟಿಯಲ್ಲಿ, ಕುರಿ ಕಾಯುವವರ ಮನೆಯಲ್ಲಿ. ಮೀಸೆ ಚಿಗುರುವ ಹೊತ್ತಿಗೆ ಕುರಿಯ ಹಿಂದೆ ಸುತ್ತುವುದು ಸಾಕಾಗಿ, ಶೇಂಗಾ ಹೇರಿಕೊಂಡು ಹೊರಟಿದ್ದ ಲಾರಿಯೊಂದನ್ನು ಹತ್ತಿ ಚಳ್ಳಕೆರೆ ಸೇರಿದ. ಅಲ್ಲಿ ಎಣ್ಣೆ ಮಿಲ್ಲುಗಳ ಹಿಂದಿನ ಗಲ್ಲಿಯಲ್ಲಿ ಒಬ್ಬ ಉಸ್ತಾದನ ಗ್ಯಾರೇಜಿತ್ತು. ಉಸ್ತಾದ ಮೊದಲ ದಿನವೇ ಕೇಳಿದ್ದನಂತೆ: "ಅರೇ ಪಾತು, ಎಂಜಿನ್ ಕೆಟ್ರೆ ಗಾಡಿ ನಿಲ್ತದೆ. ಬ್ರೇಕ್ ಕೆಟ್ರೆ ನಿಲ್ಲಲ್ಲ. ಯಾವ್ದು ದೊಡ್ಡ ಬೀಮಾರಿ, ನೀನೇ ಹೇಳು." ಪಾತಣ್ಣ ಅವತ್ತಿನಿಂದ ಆ ದೊಡ್ಡ ಬೀಮಾರಿಯ ವೈದ್ಯನಾದ. ಬ್ರೇಕು ಮುಟ್ಟಿದ ಯಾವ ಗಾಡಿಯನ್ನೂ ತಾನು ಓಡಿಸಿ ನೋಡದೆ ಕೊಡುವುದಿಲ್ಲ. ಓಡಿಸುವಾಗ ಚಪ್ಪಲಿ ಶೆಡ್ಡಿನ ಬಾಗಿಲಲ್ಲೇ ಬಿಡುತ್ತಾನೆ. ಪೆಡಲು ಎಷ್ಟು ಇಳಿಯಿತು, ಎಲ್ಲಿ ಹಿಡಿಯಿತು ಎಂಬುದು ಬರಿಗಾಲಿಗೆ ತಿಳಿದಷ್ಟು ಬೇರೆ ಯಾವುದಕ್ಕೂ ತಿಳಿಯುವುದಿಲ್ಲ ಎನ್ನುತ್ತಾನೆ. ಇಷ್ಟು ವರ್ಷ ಅವನ ಕೈಯಿಂದ ಹೋದ ಗಾಡಿ ಬ್ರೇಕಿಲ್ಲದೆ ಎಲ್ಲೂ ಹೋಗಿ ಗುದ್ದಿರಲಿಲ್ಲ. ಆ ಮಾತನ್ನು ಅವನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳಿದರೆ ದೃಷ್ಟಿಯಾದೀತು ಅಂತ.

ಹೀಗಿರುವಾಗ, ಒಂದು ಸೋಮವಾರ ಬೆಳಗ್ಗೆ ಡ್ರಮ್ಮು ಢಣ್ ಎಂದಿತು.

ಆಗ ಪಾತಣ್ಣ ಓಂಕಾರಮೂರ್ತಿಯ ಕಾರಿನ ಕೆಳಗಿದ್ದ. ಓಂಕಾರಮೂರ್ತಿ ರಾಂಪುರದ ಶೇಂಗಾ ವ್ಯಾಪಾರಿ, ದೊಡ್ಡ ಹೊಟ್ಟೆ, ಬಿಳಿ ಅಂಗಿ, ಹೆಗಲ ಮೇಲೆ ಮಡಿಕೆ ಮುರಿಯದ ಬಿಳಿ ಶಲ್ಯ. ಮಧ್ಯಾಹ್ನ ಬಳ್ಳಾರಿಯಲ್ಲಿ ಮಗಳ ಮದುವೆಯ ಮಾತುಕತೆ ಇತ್ತು. ಕಾರನ್ನು ಜಾಕಿಗೆ ಏರಿಸಿ ಮುಂದಿನ ಎರಡೂ ಚಕ್ರ ಬಿಚ್ಚಿಯಾಗಿತ್ತು. ಆತ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು, ಗಳಿಗೆಗೊಮ್ಮೆ ವಾಚು ನೋಡುತ್ತಿದ್ದ.

ಬಂದವನು ದೇವಸಮುದ್ರದ ಕಡೆಯ ಶಿವಣ್ಣ. ಅವನ ಹಳೆ ಜೀಪು ನಿಲ್ಲುವ ಮೊದಲು ಎರಡು ಸಲ ಮುಗ್ಗರಿಸಿತು.

"ಮಾವ, ಪೆಡ್ಲು ಒತ್ತಿದ್ರೆ ಪಾತಾಳಕ್ಕೆ ಹೋಗ್ತೈತೆ ನೋಡು!"

"ಪಾತಾಳಕ್ಕೆ ಹೋಗೋ ಪೆಡ್ಲು ಇಟ್ಕಂಡು ಇಲ್ಲಿಗಂಟ ಬಂದ್ಯಲ್ಲಲೇ, ನೀನು ಅದರ ಹಿಂದೆ ಹೋಗ್ಲಿಲ್ಲ ಪುಣ್ಯ," ಎನ್ನುತ್ತಾ ಪಾತಣ್ಣ ಜೀಪಿನ ಕೆಳಗೆ ತೂರಿದ. ಮುಂದಿನ ಎಡಚಕ್ರಕ್ಕೆ ಬ್ರೇಕ್ ಆಯಿಲು ಒಯ್ಯುವ ರಬ್ಬರ್ ಪೈಪು ಒಡೆದು ತೊಟ್ಟಿಕ್ಕುತ್ತಿತ್ತು. ಹಳೆ ಪೈಪು, ವಯಸ್ಸಾಗಿದೆ, ಅಷ್ಟೇ ಅಂದುಕೊಂಡ.

ಜೀಪಿನ ತುಂಬ ಜನ. ಶಿವಣ್ಣನ ಹೆಂಡತಿ, ತಂಗಿಯರು, ಮೂರ್ನಾಲ್ಕು ಮಕ್ಕಳು, ಪಾತ್ರೆ ಪಡಗ, ಅಕ್ಕಿ ಮೂಟೆ. ಎಲ್ಲರಿಗೂ ಮುಂದೆ, ಕೂಸನ್ನು ಮಡಿಲಲ್ಲಿಟ್ಟುಕೊಂಡ ಶಿವಣ್ಣನ ಅವ್ವ ಮೂಗಮ್ಮ. ಸಿದ್ದಾಪುರದ ಆಚೆ ಗುಡ್ಡದ ಸಂದಿಯಲ್ಲಿರುವ ಮನೆದೇವರ ಹತ್ತಿರ ಕೂಸಿನ ಜವಳ ತೆಗೆಸಲು ಹೊರಟಿದ್ದರು. ಹಟ್ಟಿಯ ಸಂಬಂಧದಲ್ಲಿ ಮೂಗಮ್ಮ ಪಾತಣ್ಣನಿಗೆ ಅಕ್ಕನಾಗಬೇಕು. ಆಕೆ ಜೀಪಿನಿಂದ ಇಳಿಯುತ್ತಲೇ ಕೂಗಿದಳು.

"ಲೇ ಪಾತ, ಕೆಳಗೆ ಹುರಿ ಐತೆ. ಹುಷಾರು."

ಇತ್ತು. ಚಕ್ರದ ಪಕ್ಕ, ಮುಂದಿನ ಅಚ್ಚಿಗೆ ಸುತ್ತಿದ ಕರಿ ಉಣ್ಣೆಯ ಹುರಿ. ದೇವರಿಗೆ ಬಿಟ್ಟ ಕರಿ ಟಗರಿನ ಉಣ್ಣೆ ಕತ್ತರಿಸಿ, ಮನೆಯ ಹಿರಿಯಳು ತಾನೇ ಕೈಯಾರೆ ಹೊಸೆದು ಕಟ್ಟಿಸುವ ಹುರಿ ಅದು. ಗಾಡಿಗೆ ದೃಷ್ಟಿ ತಾಗಬಾರದು, ದಾರಿಯಲ್ಲಿ ಕೇಡಾಗಬಾರದು ಅಂತ. ಅದಕ್ಕೆ ಆ ಹಟ್ಟಿಯವರದ್ದೇ ಕಟ್ಟಳೆ ಇದೆ: ಒಮ್ಮೆ ಕಟ್ಟಿದ ಮೇಲೆ ಕಬ್ಬಿಣ ಸೋಕಿಸಬಾರದು, ನೆಲಕ್ಕೆ ಬಿಡಬಾರದು. ಬಿಚ್ಚಬೇಕಾದರೆ ಬೆರಳಲ್ಲೇ ಬಿಚ್ಚಬೇಕು.

"ನಂಗೇ ಹೇಳಿಕೊಡ್ತೀಯೇನಕ್ಕ? ನಾನೇನು ಪ್ಯಾಟೆಯಾಗೆ ಹುಟ್ಟಿದೋನಾ?" ಎಂದು ಪಾತಣ್ಣ ಕೈಯ ಗ್ರೀಸು ಒರೆಸಿಕೊಂಡು, ಹುರಿಯನ್ನು ಮೆಲ್ಲಗೆ ಬಿಚ್ಚಿ, ತನ್ನ ಕೊರಳಿಗೇ ಹಾಕಿಕೊಂಡ.

ಓಂಕಾರಮೂರ್ತಿ ಸ್ಟೂಲಿನಿಂದಲೇ ನಕ್ಕ. "ಏನಪಾ, ಮೆಕ್ಯಾನಿಕ್ ಇದ್ದೋನು ಪೂಜಾರಿ ಆಗಿಬಿಟ್ಯಲ್ಲ! ನನ್ನ ಚಕ್ರಕ್ಕೂ ಒಂದು ಮಂತ್ರ ಹಾಕು, ಬೇಗ ಕೂತ್ಕೊಳ್ಳಲಿ."

"ನಿಮ್ಮ ಚಕ್ರಕ್ಕೆ ಸಾಮಾನು ಬೇಕು ಸಾವ್ಕಾರ್ರೆ, ಮಂತ್ರ ಅಲ್ಲ. ಸ್ವಲ್ಪ ತಡೀರಿ, ಇವರನ್ನ ಕಳಿಸಿಬಿಡ್ತೀನಿ. ಕೂಸೈತೆ."

ಹೊಸ ಪೈಪು ಹಾಕಿದ. ಶಿವಣ್ಣನ ಕೈಲಿ ಪೆಡಲು ತುಳಿಸುತ್ತಾ ಪೈಪಿನೊಳಗಿನ ಗಾಳಿ ಹೊರಗೆ ಬಿಟ್ಟ. ಕೊನೆಗೆ ಹುರಿ. ಅಚ್ಚಿನ ಮೇಲೆ ಅದು ಇಷ್ಟು ದಿನ ಕೂತಿದ್ದ ಜಾಗ ಪಟ್ಟಿ ಹೊಡೆದಂತೆ ಕಾಣುತ್ತಿತ್ತು. ಅದೇ ಜಾಗಕ್ಕೆ ಸುತ್ತಿದ. ಮೂಗಮ್ಮ ಬಗ್ಗಿ, ಬೆರಳಿಂದ ತಡವಿ ನೋಡಿ, "ಗಟ್ಟಿಯಾಗಿ ಬಿಗಿಯೋ. ಹೋದ್ಸಲ ಕಟ್ಟಿದೋನು ಮೂಗುದಾರ ಬಿಟ್ಟಂಗೆ ಸಡ್ಲ ಬಿಟ್ಟಿದ್ದ," ಎಂದಳು. ದೇವರ ಹುರಿ ಜೋತುಬೀಳುವುದು ಪಾತಣ್ಣನಿಗೂ ಸರಿ ಕಾಣಲಿಲ್ಲ. ಇನ್ನೊಂದು ಸುತ್ತು ಹೆಚ್ಚಿಗೆ ಸುತ್ತಿ, ಹಲ್ಲು ಕಚ್ಚಿ ಎಳೆದು, ಎರಡು ಗಂಟು ಹಾಕಿದ. ಮೂಗಮ್ಮ ಚೊಂಬಿನಿಂದ ಅರಿಶಿಣದ ನೀರು ಕೊಟ್ಟಳು. ಹುರಿ ತೊಯ್ಯುವಂತೆ ಚಿಮುಕಿಸಿ ಕೈಮುಗಿದ.

ಆಮೇಲೆ ಚಪ್ಪಲಿ ಬಿಟ್ಟು ಜೀಪು ಹತ್ತಿ, ಟಾರು ರಸ್ತೆಯಲ್ಲಿ ಸೇತುವೆಯವರೆಗೆ ಹೋಗಿ ಬಂದ. ಬ್ರೇಕು ಮುಟ್ಟಿದಲ್ಲಿ ನಿಂತಿತು. ಜನ ಹತ್ತಿದರು, ಮೂಟೆ ಹತ್ತಿತು, ಜೀಪು ಗರ್ಭಿಣಿಯ ಹಾಗೆ ಕೆಳಗಿಳಿದು ಕೂತಿತು. ಕೂಸಿನ ಕೈ ಹಿಡಿದು ಟಾಟಾ ಮಾಡಿಸಿ ಮೂಗಮ್ಮ ಹೊರಟೇ ಹೋದಳು.

ಪಾತಣ್ಣ ಚಹಾ ಕುಡಿದ. ಬಿಚ್ಚಿದ ಹಳೆ ಪೈಪನ್ನು ಗುಜರಿ ಡಬ್ಬಕ್ಕೆ ಎಸೆಯಲು ಎತ್ತಿಕೊಂಡ. ಎತ್ತಿಕೊಂಡ ಕೈ ಹಾಗೇ ನಿಂತಿತು.

ವಯಸ್ಸಾದ ಪೈಪು ಒಡೆದರೆ ಮೈಯೆಲ್ಲ ಬಿರುಕು ಬಿಟ್ಟಿರಬೇಕು. ಇದರ ಮೈ ಬೇರೆಲ್ಲ ಕಡೆ ನುಣ್ಣಗಿತ್ತು. ಒಂದೇ ಒಂದು ಕಡೆ, ಬಾವಿಯ ರಾಟೆಗೆ ಹಗ್ಗ ತಿಂದು ಬಿದ್ದ ಗೆರೆಯಂತೆ ಕಚ್ಚು ಬಿದ್ದಿತ್ತು. ಆ ಕಚ್ಚಿನೊಳಗೆ ಏನೋ ಕರ್ರಗೆ ಹೆಪ್ಪುಗಟ್ಟಿತ್ತು. ಉಗುರಿನಿಂದ ಕೆರೆದ. ಉಗುರಿಗೆ ಬಂದದ್ದು ಉಣ್ಣೆ.

ಪಾತಣ್ಣನಿಗೆ ಈಗ ಹೊಳೆಯಿತು. ಸ್ಟಿಯರಿಂಗಿಗೆ ಚಕ್ರ ಎಡಕ್ಕೂ ಬಲಕ್ಕೂ ತಿರುಗಿದಂತೆ ಪೈಪೂ ತಿರುಗುತ್ತದೆ. ಅದನ್ನೂ ಅಚ್ಚನ್ನೂ ಸೇರಿಸಿ ಸುತ್ತಿದ ಹುರಿ ತಿರುಗುವುದಿಲ್ಲ. ಮೊದಲು ಅದು ಸಡಿಲವಾಗಿತ್ತು, ಹಾಗಾಗಿ ಪೈಪನ್ನು ತಿನ್ನಲು ವರ್ಷಗಳೇ ಹಿಡಿದಿದ್ದವು. ಈಗ ಅದೇ ಜಾಗದಲ್ಲಿ ಅವನೇ ಬಿಗಿದಿದ್ದ, ಒಂದು ಸುತ್ತು ಹೆಚ್ಚಿಗೆ ಹಾಕಿ, ನೀರು ಕುಡಿಸಿ. ಒದ್ದೆ ಉಣ್ಣೆ ಒಣಗುತ್ತಾ ಇನ್ನೂ ಬಿಗಿದುಕೊಳ್ಳುತ್ತದೆ. ಅವನು ಓಡಿಸಿ ನೋಡಿದ್ದು ಖಾಲಿ ಜೀಪು, ನೆಟ್ಟನೆ ರಸ್ತೆ. ಈಗ ಜೀಪಿನ ತುಂಬ ಭಾರವಿತ್ತು. ಸಿದ್ದಾಪುರದ ಆಚೆಗೆ ಆ ದಾರಿ ಬಂಡೆಗಳ ನಡುವೆ ಏರಿ, ಏರಿದ್ದಕ್ಕಿಂತ ಕಡಿದಾಗಿ ಇಳಿಯುತ್ತದೆ, ತಿರುವಿನ ಮೇಲೆ ತಿರುವು.

ಶಿವಣ್ಣನಿಗೆ ಫೋನು ಹಚ್ಚಿದ. 'ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ' ಎಂದು ಒಬ್ಬಳು ತಣ್ಣಗೆ ಹೇಳಿದಳು. ಮತ್ತೆ ಹಚ್ಚಿದ. ಅವಳು ಮತ್ತೆ ಹೇಳಿದಳು.

"ಏನಾತೋ? ಮುಖ ಯಾಕೆ ಹಂಗಾತು?" ಓಂಕಾರಮೂರ್ತಿ ಎದ್ದು ಬಂದ.

"ಸಾವ್ಕಾರ್ರೆ, ಆ ಜೀಪು ಇಳುಕಲಿಗೆ ಹೋಗಬಾರ್ದು. ಪೈಪು ಕಿತ್ಕಂತೈತೆ. ನಾನೇ ಕಟ್ಟಿದ್ದು, ನಾನೇ."

"ನನ್ನ ಕಾರು ತಗೊಂಡು…" ಎಂದವನು ಚಕ್ರವಿಲ್ಲದೆ ಜಾಕಿಯ ಮೇಲೆ ಬಾಯಿಬಿಟ್ಟು ನಿಂತ ತನ್ನ ಕಾರನ್ನು ನೋಡಿ ಹಣೆ ಚಚ್ಚಿಕೊಂಡ.

ಪಾತಣ್ಣ ಆಗಲೇ ಚೀಲಕ್ಕೆ ಎರಡು ಸ್ಪ್ಯಾನರು, ಬ್ರೇಕ್ ಆಯಿಲಿನ ಬಾಟಲಿ, ಆ ಹಳೆ ಪೈಪು ತುರುಕಿ ತನ್ನ ಬೈಕನ್ನು ಒದೆಯುತ್ತಿದ್ದ. ಹಿಂದಿನ ಸೀಟು ಧಡಕ್ಕನೆ ಕುಸಿಯಿತು. ತಿರುಗಿ ನೋಡಿದರೆ ಓಂಕಾರಮೂರ್ತಿ!

"ನೀವ್ಯಾಕ್ರೀ?"

"ಓಡಿಸ್ಕಂತ ಫೋನ್ ಹಚ್ತೀಯಾ? ನೀನು ಓಡ್ಸು, ನಾನು ಹಚ್ತೀನಿ. ನಡಿ!"

ಹೊರಟರು. ಹಿಂದಿನಿಂದ ಆ ತಣ್ಣನೆ ದನಿ ಮತ್ತೆ ಮತ್ತೆ ಕೇಳುತ್ತಿತ್ತು. ಓಂಕಾರಮೂರ್ತಿ ಅವಳಿಗೂ ಬೈಯುತ್ತಿದ್ದ. "ಗೊತ್ತಾತಮ್ಮಾ ಹೊರಗದಾರೆ ಅಂತ, ಒಳಗೆ ಯಾವಾಗ ಬರ್ತಾರೆ ಅದು ಹೇಳು!" ಪಾತಣ್ಣನಿಗೆ ನಗು ಬರಲಿಲ್ಲ. ಹ್ಯಾಂಡಲು ಹಿಡಿದ ತನ್ನ ಬೆರಳುಗಳನ್ನೇ ನೋಡುತ್ತಿದ್ದ. ಹಲ್ಲು ಕಚ್ಚಿ ಎಳೆದು ಗಂಟು ಬಿಗಿದವು ಇವೇ. ಟಾಟಾ ಮಾಡಿದ ಆ ಪುಟ್ಟ ಕೈ ಕಣ್ಣೆದುರು ಬರುತ್ತಿತ್ತು, ಅದನ್ನು ಓಡಿಸಲು ಗಾಡಿಯನ್ನು ಇನ್ನಷ್ಟು ಓಡಿಸುತ್ತಿದ್ದ.

ಸಿದ್ದಾಪುರದ ಹತ್ತಿರ ರಸ್ತೆ ಬದಿಯಲ್ಲಿ ಬೋಂಡಾ ಕರಿಯುತ್ತಿದ್ದ ಮುದುಕಿಯನ್ನು ಕೇಳಿದ. "ಅವ್ವಾ, ಒಂದು ಹಸಿರು ಜೀಪು, ತುಂಬ ಜನ…"

"ಇಪ್ಪುಡೇ ಪೋಯಿಂದಪ್ಪಾ! ಈಗ್ಲೇ ಹೋತು, ಧೂಳಿನ್ನೂ ಕೂತಿಲ್ಲ ನೋಡು."

ಧೂಳು ನಿಜಕ್ಕೂ ಕೂತಿರಲಿಲ್ಲ. ಬಂಡೆಗಳ ಸಾಲು ಎರಡೂ ಕಡೆ ಒತ್ತಿಕೊಂಡು ಬಂತು. ಏರು ಶುರುವಾಯಿತು. ಇಬ್ಬರನ್ನು ಹೊತ್ತ ಬೈಕು ಏದುಸಿರು ಬಿಟ್ಟಿತು, ಮೊದಲ ಗೇರಿಗೆ ಇಳಿದರೂ ಆಗಲಿಲ್ಲ. ಮೇಲೆ, ಬಹಳ ಮೇಲೆ, ಬಂಡೆಗಳ ನಡುವೆ ಹಸಿರು ಮಿಂಚಿ ಮರೆಯಾಯಿತು.

"ನಿಲ್ಸಬ್ಯಾಡ, ನಿಧಾನ ಮಾಡು ಸಾಕು," ಎಂದ ಓಂಕಾರಮೂರ್ತಿ. ಆ ದೊಡ್ಡ ಹೊಟ್ಟೆಯವನು ಓಡುವ ಬೈಕಿನಿಂದ ಹೇಗೆ ಜಿಗಿದನೋ ದೇವರೇ ಬಲ್ಲ. "ಹೋಗಪಾ, ನಾನು ನಡ್ಕಂಡು ಬರ್ತೀನಿ, ಹೋಗು!"

ಪಾತಣ್ಣ ನೆತ್ತಿ ಮುಟ್ಟಿದ. ಕೆಳಗೆ ರಸ್ತೆ ಹಾವಿನ ಹಾಗೆ ಇಳಿದಿತ್ತು. ಮೊದಲ ತಿರುವಿನಲ್ಲೇ ಜೀಪು ನಿಂತಿತ್ತು, ಮೂತಿ ಇಳುಕಲಿಗೆ. ಶಿವಣ್ಣ ಕೆಳಗಿಳಿದು ಎಡಚಕ್ರದ ಹತ್ತಿರ ಬಗ್ಗಿ ನೋಡುತ್ತಿದ್ದ. ತಿರುಗಿಸುವಾಗ ಏನೋ ಎಳೆದಂತಾಗಿತ್ತು, ಅದಕ್ಕೇ ನಿಲ್ಲಿಸಿದ್ದ. ಪಾತಣ್ಣನ ಎದೆ ಸ್ವಲ್ಪ ಹಗುರಾಯಿತು. ಅಷ್ಟರಲ್ಲಿ ಶಿವಣ್ಣ ಟೈರಿಗೊಂದು ಒದ್ದು, ಏನಿಲ್ಲ ಎಂಬಂತೆ ಕೈಯಾಡಿಸಿ, ಹತ್ತಿ ಕೂತ.

"ಲೇ ಶಿವಾ! ನಿಲ್ಲೋ! ಶಿವಾ!"

ಗಾಳಿ ಎದುರಿನಿಂದ ಬೀಸುತ್ತಿತ್ತು. ಕೂಗು ಅವನ ಬಾಯಿಗೇ ವಾಪಸು ಬಂತು. ಜೀಪು ಉರುಳತೊಡಗಿತು. ಪಾತಣ್ಣ ಬೈಕನ್ನು ಇಳುಕಲಿಗೆ ಬಿಟ್ಟ. ಎರಡನೆಯ ತಿರುವಿಗೆ ಮುಂಚೆ ಜೀಪಿನ ಪಕ್ಕ ತೂರಿ, ಮುಂದೆ ಹೋಗಿ, ಬೈಕನ್ನು ರಸ್ತೆಗೆ ಅಡ್ಡ ಕೆಡವಿ ತಾನು ಬದಿಗೆ ಹಾರಿದ.

ಶಿವಣ್ಣ ಬ್ರೇಕ್ ಒತ್ತಿದ. ಜೀಪು ನಿಲ್ಲಲಿಲ್ಲ. ಮತ್ತೆ ಒತ್ತಿದ, ಮತ್ತೆ ಮತ್ತೆ ತುಳಿದ, ಹ್ಯಾಂಡ್‌ಬ್ರೇಕ್ ಕಿತ್ತುಬರುವಂತೆ ಎಳೆದ. ಒಳಗೆ ಹೆಂಗಸರು ಕಿಟಾರನೆ ಕಿರುಚಿದರು. ಜೀಪಿನ ಮೂತಿ ಬೈಕಿನ ಮೇಲೇರಿ, ಅದನ್ನು ಕರಕರ ಎಂದು ಮಾರುದ್ದ ನೂಕಿ, ನಿಂತಿತು.

ಪಾತಣ್ಣ ಏಳುವಾಗಲೇ ಕೈಯಲ್ಲಿ ಕಲ್ಲಿತ್ತು. ಚಕ್ರಕ್ಕೆ ಒಂದು ಕೊಟ್ಟ, ಓಡಿಹೋಗಿ ಇನ್ನೊಂದು ಕೊಟ್ಟ.

"ಇಳೀರಿ! ಎಲ್ಲಾರೂ ಇಳೀರಿ! ಶಿವಾ, ಕಾಲು ತೆಗೀಬ್ಯಾಡ!"

"ಮಾವ, ಪೆಡ್ಲು ಮೆತ್ತಗಾಗೈತೆ," ಎಂದ ಶಿವಣ್ಣ. ಮುಖದಲ್ಲಿ ರಕ್ತವಿರಲಿಲ್ಲ.

ಮಕ್ಕಳು ಇಳಿದರು, ಹೆಂಗಸರು ಇಳಿದರು. ಮೂಗಮ್ಮ ಇಳಿಯಲಿಲ್ಲ. ಮುಂದಿನ ಸೀಟಿನಲ್ಲಿ ಕೂಸನ್ನು ಅವುಚಿಕೊಂಡು ಕೂತೇ ಇದ್ದಳು.

"ಏನಾಗೈತೆ ಅಂತ ಹಿಂಗೆ ಅಡ್ಡ ಬಿದ್ದೆ? ಹೇಳು."

"ಹುರಿ ಪೈಪನ್ನ ಎಳೀತೈತಕ್ಕ. ನಾನು ಬಿಗಿದಿದ್ದು ತಪ್ಪಾತು. ಕೂಸಿನ ಕರ್ಕಂಡು ಇಳಿ."

"ಹುರಿ?" ಮೂಗಮ್ಮನ ದನಿ ಏರಿತು. "ನಾನು ಹೊಸೆದ ಹುರಿ ನನ್ನ ಮೊಮ್ಮಗೂಗೆ ಕೇಡು ತರ್ತೈತಾ? ನಿನ್ನ ಕೆಲಸ ಕೆಟ್ಟಿದ್ದನ್ನ ದೇವರ ಮ್ಯಾಲೆ ಹಾಕ್ತೀಯೇನೋ? ಅದು ಇದ್ದಿದ್ದಕ್ಕೇ ಗಾಡಿ ಇಲ್ಲಿ ನಿಂತೈತೆ. ನಾನು ಇಳಿಯಲ್ಲ, ನಡಿ ಶಿವಾ."

"ಅವ್ವಾ, ಇಳಿಯವ್ವಾ…" ಶಿವಣ್ಣ ಅಳುವುದೊಂದು ಬಾಕಿ.

ಜೀಪಿನ ಭಾರಕ್ಕೆ ಮುಂದಿನ ಚಕ್ರದ ಕೆಳಗಿನ ಕಲ್ಲು ಕಿರ್ ಎಂದು ಒಂದಿಷ್ಟು ಜರುಗಿತು. ಪಾತಣ್ಣ ಕಾಲಿನಿಂದ ಅದನ್ನು ಒತ್ತಿ ಹಿಡಿದ. ಆಕೆಯ ಜೊತೆ ವಾದಕ್ಕಿಳಿಯುವ ಹೊತ್ತಲ್ಲ ಅದು. ಚೀಲಕ್ಕೆ ಕೈಹಾಕಿ ಹಳೆ ಪೈಪನ್ನು ತೆಗೆದು, ಬಾಗಿಲಿನಲ್ಲಿ ಚಾಚಿದ.

"ನಾನೇನೂ ಹೇಳಲ್ಲ ಬಿಡಕ್ಕ. ನೀನೇ ಮುಟ್ಟಿ ನೋಡು. ಇದು ಯಾರು ಹೊಸೆದ ಉಣ್ಣೆ?"

ಮೂಗಮ್ಮ ನೋಡಲಿಲ್ಲ. ಕಣ್ಣು ಮಂಜಾಗಿ ಎಷ್ಟೋ ಕಾಲವಾಗಿತ್ತು. ಹೆಬ್ಬೆರಳಿನಿಂದ ಪೈಪಿನ ಕಚ್ಚನ್ನು ಸವರಿದಳು. ಒಳಗಿನಿಂದ ಒಂದು ಎಳೆ ಕಿತ್ತು, ಎರಡು ಬೆರಳ ನಡುವೆ ಹೊಸೆದಳು. ಕಂಬಳಿಯ ನೂಲು ತೆಗೆಯುತ್ತಲೇ ಮುದುಕಿಯಾದವಳಿಗೆ ತನ್ನ ಕೈಯ ಹುರಿಯ ತಿರುವು ತಿಳಿಯದೆ ಇರುತ್ತದೆಯೇ? ಹೊಸೆಯುತ್ತಿದ್ದ ಬೆರಳು ನಿಂತವು. ಕೂಸನ್ನು ಸೊಸೆಯ ಕೈಗೆ ಕೊಟ್ಟು, ಇಳಿದಳು.

ಪಾತಣ್ಣ ಜೀಪಿನ ಕೆಳಗೆ ಮಲಗಿದ. ಹುರಿ ಪೈಪನ್ನು ಅಚ್ಚಿಗೆ ಒತ್ತಿ ಹಿಡಿದಿತ್ತು. ಚಕ್ರ ತಿರುಗಿದ ಎಳೆತಕ್ಕೆ ಪೈಪಿನ ತುದಿಯ ನಟ್ಟು ಸಡಿಲಾಗಿ ಆಯಿಲು ತೊಟ್ಟಿಕ್ಕುತ್ತಿತ್ತು. ಪೈಪಿನ ಮೈ ಇನ್ನೂ ಹರಿದಿರಲಿಲ್ಲ. ಗಂಟಿಗೆ ಬೆರಳು ಹಾಕಿದ. ಒಣಗಿ ಕಲ್ಲಾಗಿತ್ತು. ಉಗುರು ಹಾಕಿದ, ಉಗುರು ಸೀಳಿತು. ಕತ್ತು ಚಾಚಿ ಹಲ್ಲು ಹಾಕಿದ, ಬಾಯಿಗೆ ಅರಿಶಿಣ, ಮಣ್ಣು, ಆಯಿಲು ಬಂತು, ಗಂಟು ಬರಲಿಲ್ಲ.

ಹಿಂದೆ ತಿರುವಿನಾಚೆ ಲಾರಿಯೊಂದು ಹಾರನ್ ಹೊಡೆಯಿತು. ಆ ಇಕ್ಕಟ್ಟಿನಲ್ಲಿ ಜೀಪು ಅಡ್ಡ ನಿಂತಿತ್ತು, ಲಾರಿ ಕಾಣದೆ ನುಗ್ಗಿದರೆ ಗತಿಯೇನು? ಮಕ್ಕಳು ಬಂಡೆಗೆ ಒತ್ತಿಕೊಂಡರು. ಅಷ್ಟರಲ್ಲಿ ಮೇಲಿನಿಂದ ಒಂದು ದನಿ: "ಹೋ! ಹೋ! ನಿಲ್ಸಲೇ! ಕಣ್ಣು ಕಾಣ್ತದೋ ಇಲ್ವೋ!" ತಲೆಯೆತ್ತಿದರೆ ತಿರುವಿನ ನಟ್ಟನಡುವೆ ಓಂಕಾರಮೂರ್ತಿ, ಬೆವರಲ್ಲಿ ತೊಯ್ದ ಅಂಗಿ, ಬೀಗರ ಮುಂದೆ ಹೊದೆಯಬೇಕಿದ್ದ ಶಲ್ಯವನ್ನು ಬೀಸುತ್ತಾ ಲಾರಿಯ ಮೂತಿಗೇ ಎದುರಾಗಿ ನಿಂತಿದ್ದ. ಲಾರಿ ಉಸ್ಸೆಂದು ನಿಂತಿತು.

"ಮಾವ, ಬ್ಲೇಡು ಹಾಕಿಬಿಡು," ಎಂದು ಪಿಸುಗುಟ್ಟಿದ ಶಿವಣ್ಣ.

ಪಾತಣ್ಣನ ಜೇಬಿನಲ್ಲಿ ಚಾಕು ಇತ್ತು. ಕೈ ಅಲ್ಲಿಗೆ ಹೋಯಿತು, ಅಲ್ಲೇ ನಿಂತಿತು. ಹಾಕಿದರೆ ಒಂದೇ ಎಳೆತ. ಆದರೆ ಕಟ್ಟಿದವನೇ ಕಬ್ಬಿಣ ಸೋಕಿಸಿದ ಎಂದು ಹಟ್ಟಿಗೆ ಹಟ್ಟಿಯೇ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ, ಅದಕ್ಕಲ್ಲ. ನಾಳೆ ಈ ಕೂಸಿಗೊಂದು ಜ್ವರ ಬಂದರೂ ಈ ಮುದುಕಿ ಇದನ್ನೇ ನೆನೆದು ಕೊರಗುತ್ತಾಳೆ. ತಾನೂ ಕೊರಗುತ್ತೇನೆ.

"ಅಕ್ಕ," ಎಂದು ಕೆಳಗಿನಿಂದಲೇ ಕೂಗಿದ. "ಬೆರಳಿಗೆ ಬರ್ತಿಲ್ಲ. ಹಲ್ಲಿಗೂ ಬರ್ತಿಲ್ಲ. ಚಾಕು ಹಾಕ್ಲಾ? ನೀನು ಹೂಂ ಅನ್ನಬೇಕು."

ಮೂಗಮ್ಮ ರಸ್ತೆ ಬದಿಯಲ್ಲಿ ಬಗ್ಗಿ ನೆಲ ತಡವುತ್ತಿದ್ದಳು. ಒಂದು ಬೆಣಚುಕಲ್ಲು ಎತ್ತಿಕೊಂಡಳು, ಬಿಸಾಕಿದಳು. ಇನ್ನೊಂದನ್ನು ಎತ್ತಿ ಬಂಡೆಗೆ ಅಪ್ಪಳಿಸಿದಳು. ಅದು ಎರಡು ಹೋಳಾಯಿತು. ಹೋಳಿನ ಅಂಚನ್ನು ಹೆಬ್ಬೆರಳಿಗೆ ಒತ್ತಿ ನೋಡಿ, ಜೀಪಿನ ಕೆಳಗೆ ಕೈಚಾಚಿದಳು.

"ಕಬ್ಬಿಣ ಬ್ಯಾಡ ಅಂದಿದ್ರು ಹಿರೇರು. ಕಲ್ಲು ಬ್ಯಾಡ ಅಂತ ಯಾರೂ ಅಂದಿಲ್ಲ. ಕುಯ್ಯೋ."

ಬಿಳಿ ಕಲ್ಲಿನ ಅಂಚು ಗರಗಸದ ಹಾಗೆ ಕಚ್ಚಿತು. ಎಳೆ ಎಳೆಯಾಗಿ ಉಣ್ಣೆ ಹರಿಯಿತು. ಕೊನೆಯ ಎಳೆ ಬಿಟ್ಟಾಗ ಪೈಪು ಪಟ್ಟನೆ ಹಿಂದಕ್ಕೆ ಚಿಮ್ಮಿತು, ಉಸಿರು ಕಟ್ಟಿದ್ದವನು ಉಸಿರೆಳೆದಂತೆ. ಹುರಿ ನೆಲ ಮುಟ್ಟುವ ಮೊದಲೇ ಪಾತಣ್ಣ ಎದೆಯ ಮೇಲೆ ಹಿಡಿದುಕೊಂಡ.

ನಟ್ಟು ಬಿಗಿದ. ಆಯಿಲು ತುಂಬಿಸಿದ. "ತುಳಿ… ಹಿಡಿ… ಬಿಡು… ತುಳಿ," ಎಂದು ಶಿವಣ್ಣನ ಕೈಲಿ ಪೆಡಲು ತುಳಿಸಿ ಗಾಳಿ ತೆಗೆದ. ಪೈಪಿನ ಮೈಯನ್ನು ಇಂಚಿಂಚೂ ಸವರಿ ನೋಡಿದ. ಸ್ಟಿಯರಿಂಗನ್ನು ಆ ಕಡೆಗೂ ಈ ಕಡೆಗೂ ಪೂರ್ತಿ ತಿರುಗಿಸಿ, ಪೈಪು ಎಲ್ಲೂ ತಾಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ. ಆದರೂ ಯಾರನ್ನೂ ಹತ್ತಿಸಲಿಲ್ಲ.

"ಎಲ್ಲಾರೂ ನಡ್ಕಂಡು ಬರ್ರಿ. ಕೆಳಗೆ ಮಟ್ಟಸ ನೆಲದಾಗೆ ಸಿಗ್ತೀನಿ."

"ನಾನು ಓಡಿಸ್ತೀನಿ ಮಾವ, ನನ್ನ ಗಾಡಿ," ಎಂದ ಶಿವಣ್ಣ.

"ಕಟ್ಟಿದೋನು ನಾನು," ಎಂದು ಪಾತಣ್ಣ ಅವನನ್ನು ಸರಿಸಿ ಹತ್ತಿದ.

ನಜ್ಜುಗುಜ್ಜಾದ ಬೈಕನ್ನು ಬದಿಗೆ ಎಳೆದರು. ಚಕ್ರಕ್ಕೆ ಕೊಟ್ಟ ಕಲ್ಲುಗಳನ್ನು ತೆಗೆದರು. ಜೀಪು ಮೊದಲ ಗೇರಿನಲ್ಲಿ, ಬಸುರಿ ಎಮ್ಮೆಯ ಹಾಗೆ ಇಳಿಯಿತು. ಎರಡೂ ಕಡೆ ಶಿವಣ್ಣನೂ ಓಂಕಾರಮೂರ್ತಿಯೂ ಕೈಯಲ್ಲಿ ಒಂದೊಂದು ಕಲ್ಲು ಹಿಡಿದು ನಡೆಯುತ್ತಿದ್ದರು. ಹಿಂದೆ ಹೆಂಗಸರು, ಮಕ್ಕಳು. ಎಲ್ಲರಿಗೂ ಹಿಂದೆ ಲಾರಿ, ಯಾರೋ ದೊಡ್ಡವರ ಮೆರವಣಿಗೆಗೆ ಸಿಕ್ಕಿಬಿದ್ದಂತೆ ತೆವಳುತ್ತಿತ್ತು. ಪ್ರತಿ ತಿರುವಿನಲ್ಲೂ ಪಾತಣ್ಣ ಬ್ರೇಕ್ ಒತ್ತಿ ಪೂರ್ತಿ ನಿಲ್ಲಿಸಿದ. ಒತ್ತಿದಲ್ಲಿ ನಿಂತಿತು. ಮುಂದಿನದರಲ್ಲೂ ನಿಂತಿತು. ಮಟ್ಟಸ ನೆಲಕ್ಕೆ ಬಂದು ಎಂಜಿನ್ ಆರಿಸಿದ ಮೇಲೂ ಬ್ರೇಕಿನ ಮೇಲಿನ ಕಾಲು ತೆಗೆಯದೆ ಹಾಗೇ ಕೂತ.

ಮೂಗಮ್ಮ ಬಂದಳು. ಕುಯ್ದ ಹುರಿಯನ್ನು ತನ್ನ ಕೊರಳಿಗೆ ಹಾಕಿಕೊಂಡಿದ್ದಳು. ಅವನನ್ನು ಬೈಯುತ್ತಾಳೆ ಎಂದುಕೊಂಡರು ಎಲ್ಲರೂ. ಬೈಯಲಿಲ್ಲ, ಹೊಗಳಲೂ ಇಲ್ಲ.

"ಗಟ್ಟಿ ಬಿಗಿ ಅಂದೋಳು ನಾನು. ನಿಂಗೊಬ್ಬನಿಗೇ ಯಾಕೆ ಹೊರೆ," ಎಂದಳು. ಕೊರಳಿನ ಹುರಿಯನ್ನು ತೆಗೆದು, "ಎಲ್ಲಿ ಕಟ್ಟಲಿ ಹೇಳು. ಬರಿಗೈಲಿ ಗಾಡಿ ಓಡಬಾರ್ದು," ಎಂದಳು.

"ತಿರುಗೋದಕ್ಕೆ, ಕುಣಿಯೋದಕ್ಕೆ, ಕಾಯೋದಕ್ಕೆ, ಯಾವುದಕ್ಕೂ ಬ್ಯಾಡಕ್ಕ. ಬಾ, ತೋರಿಸ್ತೀನಿ."

ಕೈಹಿಡಿದು ಜೀಪಿನ ಮುಂದೆ ಕರೆದೊಯ್ದು, ಹಗ್ಗ ಹಾಕಿ ಎಳೆಯಲು ಬಂಪರಿಗಿರುವ ಕೊಂಡಿಯನ್ನು ಮುಟ್ಟಿಸಿದ. ಮೂಗಮ್ಮ ಕುಯ್ದ ತುದಿಗಳನ್ನು ಮತ್ತೆ ಹೊಸೆದು ಕೂಡಿಸಿ, ಅಲ್ಲಿ ಕಟ್ಟಿದಳು. ಸಡಿಲವಾಗಿ, ಒಂದೇ ಗಂಟು.

"ಮೂರ್ತಣ್ಣ, ನಿಮ್ಮ ಬೀಗರು?" ಎಂದು, ಇಳಿಯುವಾಗ ಮದುವೆ ಮಾತುಕತೆಯ ಸುದ್ದಿ ಕೇಳಿದ್ದ ಶಿವಣ್ಣ ಅಂಜುತ್ತಾ ಕೇಳಿದ.

ಓಂಕಾರಮೂರ್ತಿ ಮಣ್ಣಾದ ಶಲ್ಯದಿಂದ ಮುಖ ಒರೆಸಿಕೊಂಡ. "ಕಾಯ್ತಾರೆ. ಕಾಯದೇ ಇರೋ ಬೀಗರನ್ನ ಕಟ್ಕೊಂಡು ಏನ್ಮಾಡ್ಲಿ? ಆ ಲಾರಿಯೋನಿಗೆ ಹೇಳು, ಬಾಡಿಗೆ ಕೊಡ್ತೀನಿ, ಗಾಡಿ ತಿರುಗಿಸ್ಕಂಡು ನಮ್ಮಿಬ್ಬರನ್ನೂ ಮೇಲೆ ಬಿದ್ದಿರೋ ಆ ಬೈಕಿನ ಹೆಣಾನೂ ರಾಂಪುರಕ್ಕೆ ಮುಟ್ಟಿಸು ಅಂತ. ಇವನು ಇನ್ನೂ ನನ್ನ ಚಕ್ರ ಹಾಕಬೇಕು."

ಈಗಲೂ ಪಾತಣ್ಣನ ಶೆಡ್ಡಿಗೆ ಹಟ್ಟಿಯ ಕಡೆಯ ಗಾಡಿ ಬಂದರೆ, ಏನು ಕೆಟ್ಟಿದೆ ಎಂದು ಕೇಳುವ ಮೊದಲು ಅವನು ಚಾಪೆ ಹಾಸಿಕೊಂಡು ಕೆಳಗೆ ತೂರುತ್ತಾನೆ. ಸ್ಟಿಯರಿಂಗ್ ಎರಡೂ ಕಡೆ ತಿರುಗಿಸಿ ಎನ್ನುತ್ತಾನೆ. ಅಲ್ಲಿ ಹುರಿ ಇದ್ದರೆ ಮಾಲೀಕನ ಜೊತೆ ವಾದ ಮಾಡುವುದಿಲ್ಲ. ಮನೆಗೆ ಹೋಗಿ ಹಿರಿಯಳನ್ನು ಕರೆದುಕೊಂಡು ಬಾ, ಆಕೆ ಬರುವವರೆಗೂ ಗಾಡಿ ಇಲ್ಲೇ ಇರಲಿ ಎನ್ನುತ್ತಾನೆ. ಕೆಲವರು ಸಿಟ್ಟಾಗಿ ಬೇರೆ ಗ್ಯಾರೇಜಿಗೆ ಹೋಗುತ್ತಾರೆ. ಹೋದವರಲ್ಲಿ ಹೆಚ್ಚಿನವರು, ಮನೆಯ ಮುದುಕಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಮಾರನೆಯ ದಿನ ವಾಪಸು ಬರುತ್ತಾರೆ.